ತೊಂಬತ್ತೊಂದು ಛತ್ರಿಗಳ ನಟ್ಟನಡುವೆ

ನಮ್ಮ ಚಿಕ್ಕಮ್ಮನಿಗೆ ಬಲಗೈ ಯಾವುದೆಂದು ತಿಳಿಯಬೇಕಾದರೆ ಗಾಳಿಯಲ್ಲಿ ಒಮ್ಮೆ ತನ್ನ ಸಹಿ ಹಾಕಿ ನೋಡಬೇಕು. ಬರೆದ ಕೈ ಬಲ, ಉಳಿದದ್ದು ಎಡ. ಇದರಿಂದ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಬೀದಿಯಲ್ಲಿ ಅವಳನ್ನು ದಾರಿ ಕೇಳಿದವರಿಗೆ ಸ್ವಲ್ಪ ತೊಂದರೆ. ಆದರೆ ಕವಾಯತಿನ ಮೈದಾನದಲ್ಲಿ "ಬಲಕ್ಕೆ ತಿರುಗ್!" ಎಂದು ಕೂಗಿದ ಮೇಲೆ ಸಹಿ ಹಾಕುತ್ತಾ ನಿಲ್ಲಲು ಯಾರು ಬಿಡುತ್ತಾರೆ? ಸಾಲಿಗೆ ಸಾಲೇ ಬಲಕ್ಕೆ ತಿರುಗಿದರೆ ಚಿಕ್ಕಮ್ಮ ಎಡಕ್ಕೆ ತಿರುಗಿ, ಪಕ್ಕದವಳ ಮೂಗಿಗೆ ಮೂಗು ತಾಗಿಸಿ, "ಏನೇ, ನೀನ್ಯಾಕೆ ಈ ಕಡೆ?" ಎಂದು ಅವಳನ್ನೇ ದಬಾಯಿಸುತ್ತಿದ್ದಳು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಗಾದೆ ಮಾಡಿದವರು ನಮ್ಮ ಚಿಕ್ಕಮ್ಮನನ್ನು ಎಲ್ಲೋ ನೋಡಿಯೇ ಇದ್ದಿರಬೇಕು.

ನಮ್ಮದು ಛತ್ರಿ ಕಾರ್ಖಾನೆ. ಚಿಕ್ಕಮ್ಮ ಹಿಡಿ ವಿಭಾಗದವಳು. ಮದುವೆಗೆ ಮುಂಚೆ ಸೇರಿದವಳು, ಗಂಡ ಹೋದ ಮೇಲೂ ಅದೇ ಮೇಜಿನ ಮುಂದೆ ನಿಂತು, ಮುಂದೆ ಹಾದು ಬರುವ ಒಂದೊಂದು ಛತ್ರಿಯ ಕಾಲಿಗೂ ಬಾಗಿದ ಹಿಡಿ ತೊಡಿಸಿ ಕಳಿಸುತ್ತಿದ್ದಳು. ಅಮ್ಮ ಇಲ್ಲದ ನನ್ನನ್ನು ಸಾಕಿದವಳೂ ಅವಳೇ, ಕಾಲೇಜಿಗೆ ಕಳಿಸಿ ಗಣಿತ ಓದಿಸಿದವಳೂ ಅವಳೇ. ಆ ಗಣಿತದಿಂದ ಎಲ್ಲೂ ಕೆಲಸ ಸಿಗದಿದ್ದಾಗ ನನ್ನನ್ನು ಇಲ್ಲಿ ಪರೀಕ್ಷಾ ವಿಭಾಗಕ್ಕೆ ಸೇರಿಸಿದವಳೂ ಅವಳೇ. ಪರೀಕ್ಷೆ ಎಂದರೆ ದೊಡ್ಡ ಮಾತು. ಮಳೆಯಂಗಿ ತೊಟ್ಟು, ಮೇಲಿನಿಂದ ನೀರು ಸುರಿಯುವ ಒಂದು ಗೂಡಿನಲ್ಲಿ, ಹೊಸ ಛತ್ರಿ ಬಿಚ್ಚಿ ನಿಲ್ಲುವುದು. ನೆತ್ತಿಗೆ ಹನಿ ಬಿದ್ದರೆ ಛತ್ರಿ ಫೇಲು. ಸಮೀಕರಣ ಬಿಡಿಸಿದವಳಿಗೆ ಎಂಥಾ ಗತಿ ಬಂತು ಎಂದು ಮರುಗುವವರು ಮರುಗಲಿ. ನನಗಂತೂ ಆ ಗೂಡಿನಷ್ಟು ನಿಶ್ಚಿಂತೆಯಾಗಿ ಅಂಕಿಗಳ ಜೊತೆ ಹರಟುವ ಜಾಗ ಇನ್ನೊಂದು ಸಿಕ್ಕಿಲ್ಲ.

ಈ ವರ್ಷ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಕಾರ್ಮಿಕರೆಲ್ಲ ಬಿಚ್ಚಿದ ಛತ್ರಿ ಹಿಡಿದು ಅಂಗಳದಲ್ಲಿ ಕವಾಯತು ಮಾಡಬೇಕು, ವಯಸ್ಸಾದ ಯಜಮಾನಿಯವರು ಮೂರನೆಯ ಮಹಡಿಯ ತಾರಸಿಯ ಮೇಲಿನಿಂದ ನೋಡಬೇಕು ಎಂದು ತೀರ್ಮಾನವಾಯಿತು. ಆ ದಿನವೇ ಚಿಕ್ಕಮ್ಮನ ನೌಕರಿಯ ಕೊನೆಯ ದಿನವೂ ಆಗಿತ್ತು. ಅವಳ ಸಂಭ್ರಮ ಹೇಳತೀರದು. ಹಿಡಿಮೇಜಿನಿಂದ ಎದ್ದು ಎಲ್ಲರ ಜೊತೆ ಅಂಗಳದಲ್ಲಿ ಓಡಾಡುವುದೆಂದರೆ ಅವಳಿಗೆ ಅದೇ ಹಬ್ಬ. ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಬಸ್ಸಿಗೆ ಕಾಯುವಲ್ಲಿ, ಎಲ್ಲೆಂದರಲ್ಲಿ "ಎಡ, ಬಲ" ಅಂದುಕೊಳ್ಳುತ್ತಾ ಹೆಜ್ಜೆ ಹಾಕುತ್ತಿದ್ದಳು. ಅದೂ ತಪ್ಪು ಕಾಲಿನಲ್ಲಿ.

ಕವಾಯತು ಕಲಿಸುವ ಹೊಣೆ ಕಾವಲು ವಿಭಾಗದ ಮುಖ್ಯಸ್ಥರದು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವರನ್ನು ಸೀಟಿ ಸಾಹೇಬರು ಎಂದೇ ಕರೆಯುತ್ತಿದ್ದೆವು. ಕೆಟ್ಟವರಲ್ಲ. ಆದರೆ ವಕ್ರವಾಗಿ ನಿಂತ ಸೈಕಲ್ ಕಂಡರೂ ನೆಟ್ಟಗೆ ಮಾಡದೆ ಮುಂದೆ ಹೋಗುವವರಲ್ಲ. ಅಂಥವರ ಕಣ್ಣಿಗೆ ಚಿಕ್ಕಮ್ಮ ಬಿದ್ದ ಮೇಲೆ ಕೇಳಬೇಕೇ? ಮೊದಲ ವಾರ ಮುಗಿಯುವಷ್ಟರಲ್ಲಿ ಅವರು ಎಲ್ಲರ ಮುಂದೆಯೇ ಹೇಳಿಬಿಟ್ಟರು.

"ನೋಡಿ, ನೀವು ಒಟ್ಟು ತೊಂಬತ್ತೊಂದು ಜನ ಇದ್ದೀರಿ. ಈ ತೊಂಬತ್ತೊಂದು ಇದೆಯಲ್ಲ, ಶುದ್ಧ ಮೊಂಡು ಸಂಖ್ಯೆ. ಎರಡರಿಂದ ಹೋಗಲ್ಲ, ಮೂರರಿಂದ ಹೋಗಲ್ಲ, ಐದರಿಂದ ಹೋಗಲ್ಲ. ಸಾಲು ಮಾಡೋಕೆ ಬರಲ್ಲ. ತೊಂಬತ್ತು ಆದ್ರೆ ಒಂಬತ್ತು ಸಾಲು, ಹತ್ತತ್ತು ಜನ, ಅಚ್ಚುಕಟ್ಟು. ಹಿಡಿ ವಿಭಾಗದ ಅಮ್ಮನವರು ಹಿರಿಯರು, ಪಾಪ. ಅವರಿಗೆ ಒಂದು ಕುರ್ಚಿ ಹಾಕಿಸ್ತೀನಿ. ಕೂತು ನೋಡಲಿ."

ಚಿಕ್ಕಮ್ಮ ತನ್ನ ಛತ್ರಿಯನ್ನು ಮಡಚಿ, ಗುಂಡಿ ಹಾಕಿ, ಅದನ್ನೇ ಊರಿಕೊಂಡು ಒಳಗೆ ಹೋದಳು. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು, "ಕೊನೇ ದಿನ ಕಣೇ. ಒಂದು ದಿನ ಸಹಿಸ್ಕೋಬಹುದಿತ್ತು ನನ್ನನ್ನ" ಎಂದಳು. ಚಿಕ್ಕಮ್ಮನನ್ನು ಯಾರಾದರೂ ಬೈದರೆ ನನಗೆ ಕೋಪ ಬರುವುದಿಲ್ಲ, ನಾನೇ ದಿನಾ ಬೈಯುತ್ತೇನೆ. ಆದರೆ ಅವಳನ್ನು ಬಿಟ್ಟರೆ ಸಾಲು ನೆಟ್ಟಗಾಗುತ್ತದೆ ಎನ್ನುವುದು ಎಂಥಾ ಮಾತು? ಜೊತೆಗೆ ಇನ್ನೊಂದು ಸಂಕಟವೂ ಇತ್ತು, ಹೇಳಿಬಿಡುತ್ತೇನೆ. ತೊಂಬತ್ತೊಂದಕ್ಕೆ ಆದ ಅವಮಾನವನ್ನೂ ನನ್ನಿಂದ ತಡೆಯಲಾಗಲಿಲ್ಲ.

ಏಕೆಂದರೆ ತೊಂಬತ್ತೊಂದು ಮೊಂಡು ಸಂಖ್ಯೆಯಲ್ಲ, ಕಳ್ಳ ಸಂಖ್ಯೆ. ಯಾವುದರಿಂದಲೂ ಭಾಗ ಹೋಗುವುದಿಲ್ಲ ಎಂಬ ಮುಖ ಹೊತ್ತು ಕೂತಿರುತ್ತದೆ. ಎಂಥೆಂಥವರೂ ನಂಬುತ್ತಾರೆ. ಒಳಗೆ ನೋಡಿದರೆ ಏಳೂ ಹದಿಮೂರೂ ಯಾರಿಗೂ ಹೇಳದೆ ಸಂಸಾರ ಹೂಡಿರುತ್ತವೆ! ಅಷ್ಟಕ್ಕೇ ಮುಗಿಯಲಿಲ್ಲ. ನೀರಿನ ಗೂಡಿನಲ್ಲಿ ನಿಂತು ನಾನು ಅದನ್ನು ತಿರುವಿ ತಿರುವಿ ನೋಡಿದಷ್ಟೂ ಅದು ಜೇಬಿನಿಂದ ಒಂದೊಂದೇ ಮಾಲು ತೆಗೆಯುತ್ತಾ ಹೋಯಿತು. ಮಾರನೆಯ ದಿನ ಮಧ್ಯಾಹ್ನ ಛತ್ರಿಯ ತುದಿಗೆ ಹಾಕುವ ಬಿಳಿ ಟೊಪ್ಪಿಗಳನ್ನು ಎಣಿಸಿ ತೊಂಬತ್ತೊಂದನ್ನು ಜೇಬಿಗೆ ತುಂಬಿಕೊಂಡು ಸೀಟಿ ಸಾಹೇಬರ ಕೋಣೆಗೆ ನುಗ್ಗಿದೆ.

"ಸರ್, ತೊಂಬತ್ತು ಜನರ ಸಾಲು ಯಾವ ಕಾರ್ಖಾನೆಯವರೂ ಮಾಡ್ತಾರೆ. ಇದನ್ನ ನೋಡಿ" ಎಂದು ಅವರ ಮೇಜಿನ ಮೇಲೆ ಟೊಪ್ಪಿ ಜೋಡಿಸತೊಡಗಿದೆ. ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ಹೀಗೆ ಹದಿಮೂರನೆಯ ಸಾಲಿಗೆ ಹದಿಮೂರು. ಟೊಪ್ಪಿ ಖಾಲಿ. ಮೇಜಿನ ಮೇಲೆ ಅಚ್ಚುಕಟ್ಟಾದ ತ್ರಿಕೋನ.

"ಹೂಂ" ಎಂದರು ಸಾಹೇಬರು. ಆ 'ಹೂಂ'ನಲ್ಲಿ ಆಗಲೇ ಸ್ವಲ್ಪ ಬೆಣ್ಣೆ ಕರಗಿತ್ತು.

ತ್ರಿಕೋನವನ್ನು ಅಳಿಸಿ, ಒಂದು ಟೊಪ್ಪಿಯನ್ನು ನಡುವೆ ಇಟ್ಟೆ. ಅದರ ಸುತ್ತ ಆರು. ಅದರ ಸುತ್ತ ಹನ್ನೆರಡು. ಆಮೇಲೆ ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತು. ಮತ್ತೆ ಟೊಪ್ಪಿ ಖಾಲಿ. ಈ ಸಲ ಆರು ಮೂಲೆಯ ಒಂದು ದೊಡ್ಡ ಹೂವು ಬಿರಿದಿತ್ತು. ಆಮೇಲೆ ಅದನ್ನೂ ಕೆಡಿಸಿ ಏಳು ಸಾಲು, ಸಾಲಿಗೆ ಹದಿಮೂರು ಇಟ್ಟೆ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

ಸಾಹೇಬರು ಎದ್ದು ನಿಂತು ಮೇಲಿನಿಂದ ಬಗ್ಗಿ ನೋಡಿದರು. "ಒಂದೇ ಜನ, ಮೂರು ಆಕಾರ?"

"ಮೂರೇ ಅಲ್ಲ ಸರ್. ತಳಕ್ಕೆ ಆರಾರರ ಚೌಕ, ಮೇಲೆ ಐದೈದು, ನಾಲ್ಕ್ನಾಲ್ಕು ಅಂತ ಪೇರಿಸಿದ್ರೆ ಆರು ಅಂತಸ್ತಿನ ಗೋಪುರಾನೂ ಆಗತ್ತೆ" ಎಂದುಬಿಟ್ಟೆ.

ಅವರ ಕಣ್ಣು ಮಿನುಗಿತು. ತಳದಲ್ಲಿ ಮೂವತ್ತಾರು ಜನ ನಿಂತು, ಅವರ ಹೆಗಲ ಮೇಲೆ ಪ್ಯಾಕಿಂಗ್ ವಿಭಾಗದ ದಪ್ಪಕ್ಕ ಏರುತ್ತಿರುವ ದೃಶ್ಯ ಕಣ್ಣಿಗೆ ಕಟ್ಟಿತು. "ಅದು ಹಣ್ಣಿನಂಗಡಿಯವರಿಗೆ ಸರ್, ಮನುಷ್ಯರಿಗಲ್ಲ" ಎಂದು ತಕ್ಷಣ ಆ ಗೋಪುರವನ್ನು ಕೆಡವಿದೆ.

"ಸರಿ, ಇದನ್ನೇ ತೊಂಬತ್ತರಲ್ಲಿ ಮಾಡೋಣ" ಎಂದರು.

"ತೊಂಬತ್ತರಲ್ಲಿ ತ್ರಿಕೋನಾನೂ ಆಗಲ್ಲ, ಹೂವೂ ಆಗಲ್ಲ ಸರ್. ಎರಡೂ ಆಗೋ ಸಂಖ್ಯೆ ಒಂದನ್ನ ಬಿಟ್ರೆ ತೊಂಬತ್ತೊಂದೇ. ಅದು ಬೇಡ ಅಂದ್ರೆ ಮುಂದಿನದು ಎಂಟು ಸಾವಿರದ ಒಂಬೈನೂರ ಹನ್ನೊಂದು. ಅಷ್ಟು ಜನರನ್ನ ಕೆಲಸಕ್ಕೆ ತಗೊಳ್ಳಿ ಅಂತ ಮ್ಯಾನೇಜರಿಗೆ ಹೇಳ್ತೀರಾ?"

ಸಾಹೇಬರು ಸೀಟಿಯನ್ನು ಬೆರಳಲ್ಲಿ ತಿರುಗಿಸತೊಡಗಿದರು. ಯಜಮಾನಿ ತಾರಸಿಯಿಂದ ನೋಡುತ್ತಿದ್ದಂತೆ ಕೆಳಗೆ ತ್ರಿಕೋನ ಕರಗಿ ಹೂವಾಗುವುದು ಅವರಿಗೂ ಕಾಣುತ್ತಿತ್ತು. ಕೊನೆಗೆ ಅವರ ಮುಖ ಮತ್ತೆ ಬಾಡಿತು. "ಎಲ್ಲಾ ಸರಿ ಕಣಮ್ಮ. ನಿಮ್ಮ ಚಿಕ್ಕಮ್ಮ ಎಡ ಬಲ ತಿಳೀದೆ ಎಲ್ಲರನ್ನೂ ಗುದ್ದಿಕೊಂಡು ಬಂದ್ರೆ?"

ಇದಕ್ಕೇ ನಾನು ಕಾದಿದ್ದೆ. ಟೊಪ್ಪಿಗಳನ್ನು ಮತ್ತೆ ಹೂವಾಗಿಸಿ ನಟ್ಟನಡುವಿನದರ ಮೇಲೆ ಒಂದು ಕೆಂಪು ಗುಂಡಿ ಇಟ್ಟೆ. "ಈ ತೊಂಬತ್ತೊಂದರ ದೊಡ್ಡ ಗುಣ ಇದು ಸರ್. ಹೂವಿಗೂ ನಟ್ಟನಡುವೆ ಒಬ್ಬರು ಇದ್ದಾರೆ, ತ್ರಿಕೋನಕ್ಕೂ ಇದ್ದಾರೆ, ಏಳು ಸಾಲಿಗೂ ಇದ್ದಾರೆ. ಆ ಒಬ್ಬರು ಕದಲಬೇಕಾಗೇ ಇಲ್ಲ. ಒಂದು ಕೆಂಪು ಛತ್ರಿ ಕೊಟ್ಟು ನಿಲ್ಲಿಸಿಬಿಡಿ. ಉಳಿದೋರು ಸುತ್ತ ಆಕಾರ ಬದಲಾಯಿಸ್ತಾರೆ. ನಿಮ್ಮ ತೊಂಬತ್ತರ ಸಾಲಿಗೆ ನಡುವೆ ಅನ್ನೋದೇ ಇಲ್ಲ, ನೋಡಿ ಬೇಕಾದ್ರೆ."

ಸಾಹೇಬರು ನೋಡಿದರು. ಇರಲಿಲ್ಲ. ಮರುದಿನದಿಂದ ಚಿಕ್ಕಮ್ಮ ಕೆಂಪು ಛತ್ರಿ ಹಿಡಿದು ಅಂಗಳದ ನಡುವೆ ನಿಂತಳು. ಸಾಹೇಬರು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ನಮ್ಮನ್ನೆಲ್ಲ ಕುಣಿಸತೊಡಗಿದರು. ನಾನು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಕೆಲಸ ಸಾಧಿಸಿದ ಖುಷಿಯಲ್ಲಿ ಬೀಗಿದೆ.

ಬೀಗಿದ್ದು ಸ್ವಲ್ಪ ಬೇಗವಾಯಿತು. ಒಂದು ಮಧ್ಯಾಹ್ನ ಮ್ಯಾನೇಜರು ಅಭ್ಯಾಸ ನೋಡಲು ಬಂದರು. ಎಲ್ಲರೂ ಬೆವರಿಳಿಸುತ್ತಾ ಸುತ್ತುವಾಗ ಒಬ್ಬರು ಮಾತ್ರ ನಡುವೆ ಸುಮ್ಮನೆ ನಿಂತಿರುವುದು, ಅದೂ ಕೆಂಪು ಛತ್ರಿಯಡಿಯಲ್ಲಿ, ಅವರ ಕಣ್ಣಿಗೆ ಬಿತ್ತು. ಇನ್ನೊಬ್ಬರು ಸುತ್ತುವುದನ್ನು ನಿಂತು ನೋಡುವುದು ತಮ್ಮ ಕೆಲಸವಲ್ಲವೇ, ಈ ಹೆಂಗಸಿನದು ಹೇಗಾಯಿತು ಎಂದು ಅವರಿಗೆ ಅನ್ನಿಸಿರಬೇಕು. "ಆ ಜಾಗದಲ್ಲಿ ನಾನು ನಿಲ್ತೀನಿ" ಎಂದು ಸಾಹೇಬರಿಗೆ ಹೇಳಿ ಹೋದರು.

ಈಗ ನನ್ನ ಬಾಣ ನನಗೇ ತಿರುಗಿತು. ಸಾಹೇಬರಿಗೆ ತೊಂಬತ್ತೊಂದರ ಹುಚ್ಚು ಎಷ್ಟು ಹಿಡಿದಿತ್ತೆಂದರೆ, "ತೊಂಬತ್ತೆರಡು ಆಗಲ್ಲ ಕಣಮ್ಮ, ಎಲ್ಲಾ ಆಕಾರ ಕೆಡತ್ತೆ, ನೀನೇ ಹೇಳಿದ್ದು" ಎಂದು ನನಗೇ ಪಾಠ ಒಪ್ಪಿಸಿದರು. ಮ್ಯಾನೇಜರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗಬೇಕು. ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಚಿಕ್ಕಮ್ಮನ ಕುರ್ಚಿ ಮತ್ತೆ ಸಿದ್ಧವಾಯಿತು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನು ಹಾಡಹಗಲೇ ಹಿಡೀತಾನಂತೆ, ಅದೂ ನನ್ನ ಕೊಡೆ!" ಎಂದು ಚಿಕ್ಕಮ್ಮ ಹಿಡಿಮೇಜಿನ ಮೇಲೆ ಸುತ್ತಿಗೆ ಬಡಿದಳು.

ನಾನು ಮ್ಯಾನೇಜರ ಬಳಿ ಹೋಗಿ ವಿನಯವೇ ಮೈವೆತ್ತಂತೆ ನಿಂತೆ. "ಸರ್, ಯಜಮಾನಿಯವರು ಎಲ್ಲಿಂದ ನೋಡ್ತಾರೋ ಅಲ್ಲಿಂದ ನೀವೂ ಒಂದು ಸಲ ನೋಡಬೇಕು. ಏನಾದ್ರೂ ತಪ್ಪಿದ್ರೆ ನಿಮ್ಮ ಕಣ್ಣಿಗೆ ಮಾತ್ರ ಬೀಳತ್ತೆ." ಅವರು ಉಬ್ಬಿ ಮೆಟ್ಟಿಲು ಹತ್ತಿದರು. ತಾರಸಿಯ ಕಟ್ಟೆಯಿಂದ ಬಗ್ಗಿದರೆ ಅಂಗಳದಲ್ಲಿ ಒಂದೇ ಒಂದು ಕೆಂಪು ಛತ್ರಿ ಬಿಚ್ಚಿಕೊಂಡಿತ್ತು.

"ಅದರ ಕೆಳಗೆ ಯಾರಿದ್ದಾರೆ ಹೇಳಿ ಸರ್" ಎಂದೆ.

ಮ್ಯಾನೇಜರು ಆ ಕಡೆ ಬಗ್ಗಿದರು, ಈ ಕಡೆ ಬಗ್ಗಿದರು. "ಯಾರಿಗೆ ಗೊತ್ತು? ಯಾರೋ ಒಬ್ಬರು."

"ಅಷ್ಟೇ ಸರ್. ಯಾರೋ ಒಬ್ಬರು."

ಮ್ಯಾನೇಜರ ಮುಖದ ಮೇಲೆ ಒಂದು ಮೋಡ ಹಾದುಹೋಯಿತು. ಯಜಮಾನಿಗೆ ಕಾಣದಿದ್ದ ಮೇಲೆ ಬಿಸಿಲಲ್ಲಿ ನಿಲ್ಲುವುದು ಏತಕ್ಕೆ? ನಾನು ಮೆತ್ತಗೆ, "ಇಲ್ಲಿ ಯಜಮಾನಿಯವರ ಪಕ್ಕದಲ್ಲಿ ಮೈಕು ಹಿಡಿದು ವಿವರಿಸೋಕೆ ಒಬ್ಬರು ಬೇಕಿತ್ತು. ಯಾರಿಗೆ ಹೇಳೋದು ಅಂತ ಸಾಹೇಬರು ಯೋಚನೆ ಮಾಡ್ತಿದ್ರು" ಎಂದೆ. ಸಾಹೇಬರು ಅಂಥ ಯೋಚನೆಯನ್ನು ಕನಸಿನಲ್ಲೂ ಮಾಡಿರಲಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಮೈಕು ಮ್ಯಾನೇಜರದಾಗಿತ್ತು, ಕೆಂಪು ಛತ್ರಿ ಚಿಕ್ಕಮ್ಮನದಾಗಿ ಉಳಿದಿತ್ತು. ಓಡಿಹೋಗಿ ಅವಳಿಗೆ ಹೇಳಿದೆ. "ಛತ್ರಿ ಕಣೇ ನೀನು" ಎಂದು ನನ್ನ ಕೆನ್ನೆ ಹಿಂಡಿದಳು. ಆದರೆ ನಾನು ಎಣಿಸಿದಷ್ಟು ಕುಣಿದಾಡಲಿಲ್ಲ. ವಯಸ್ಸು, ದಣಿವು ಎಂದುಕೊಂಡೆ.

ವಾರ್ಷಿಕೋತ್ಸವದ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆ ಸಂತೆಯಂತಾಗಿತ್ತು. ಒಬ್ಬಳಿಗೆ ಬೂಟು ಸಿಕ್ಕಿಲ್ಲ, ಇನ್ನೊಬ್ಬಳ ಛತ್ರಿ ಮುಚ್ಚುತ್ತಿಲ್ಲ, ದಪ್ಪಕ್ಕನ ಸಮವಸ್ತ್ರದ ಗುಂಡಿ ಹಾರಿಹೋಗಿ ಎಲ್ಲರೂ ನೆಲ ತಡಕುತ್ತಿದ್ದಾರೆ. ಆ ಗದ್ದಲದಲ್ಲಿ ಚಿಕ್ಕಮ್ಮ ನನ್ನನ್ನು ಮೂಲೆಗೆ ಎಳೆದಳು. ನನ್ನ ಕೈಯಲ್ಲಿದ್ದ ಕಪ್ಪು ಛತ್ರಿ ಕಿತ್ತುಕೊಂಡು ಕೆಂಪು ಛತ್ರಿಯನ್ನು ತುರುಕಿದಳು.

"ಇವತ್ತು ನಡುವೆ ನೀನು ನಿಂತ್ಕೋ. ನಿನ್ನ ಜಾಗದಲ್ಲಿ ನಾನು ಹೋಗ್ತೀನಿ."

"ತಲೆ ಕೆಟ್ಟಿದೆಯಾ? ನಿನಗೋಸ್ಕರ ಸಾಹೇಬರನ್ನ ಒಪ್ಪಿಸಿದೆ, ಮ್ಯಾನೇಜರನ್ನ ತಾರಸಿ ಹತ್ತಿಸಿದೆ. ಇಡೀ ಮೈದಾನದಲ್ಲಿ ಎಲ್ಲರಿಗಿಂತ ದೊಡ್ಡ ಜಾಗ ಅದು!"

"ನನ್ನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಟೊಪ್ಪಿಗಳನ್ನು ಕೇಳದೆ ಜೋಡಿಸಿದಂತೆಯೇ ಅವಳನ್ನೂ ಜೋಡಿಸಿದ್ದೆ.

"ನೋಡು ಕೂಸೇ" ಎಂದಳು ಚಿಕ್ಕಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಸಾಹೇಬರು ನನ್ನನ್ನ ಕುರ್ಚಿ ಮೇಲೆ ಕೂರಿಸಿದ್ರು, ನೀನು ಎಬ್ಬಿಸಿ ನಿಲ್ಲಿಸಿದೆ. ಅಷ್ಟೇ ವ್ಯತ್ಯಾಸ. ನಾನು ಈ ಕಾರ್ಖಾನೇಲಿ ಜನ್ಮವೆಲ್ಲಾ ಒಂದೇ ಕಡೆ ನಿಂತಿದ್ದೀನಿ. ಕಡ್ಡಿ ಬರ್ತಾವೆ, ಬಟ್ಟೆ ಬರ್ತಾವೆ, ಜನ ಬರ್ತಾರೆ, ಎಲ್ಲಾ ನನ್ನ ಮುಂದೆ ಹಾದು ಹೋಗ್ತಾವೆ. ನಾನು ಮಾತ್ರ ಅಲ್ಲೇ. ಕೊನೇ ದಿನಾನೂ ನಿಂತೇ ಇರಬೇಕಾ? ನನಗೆ ಎಲ್ಲರ ಜೊತೆ ನಡೀಬೇಕು ಕಣೇ. ತಪ್ಪೋ ಸರಿಯೋ, ನಡೀಬೇಕು."

"ನನ್ನ ದಾರಿ ನಿನಗೆ ಗೊತ್ತಾ?" ಎಂದೆ.

"ನಡುವೆ ನಿಂತು ಇಷ್ಟು ದಿನ ಏನು ಮಾಡಿದೆ ಅಂದ್ಕೊಂಡೆ? ತೊಂಬತ್ತು ಜನರ ದಾರೀನೂ ಬಾಯಿಪಾಠ ಆಗಿದೆ. ನಿಂದು ಎಡ ಮೂಲೆಯಿಂದ ಶುರು, ಹೂವಲ್ಲಿ ಕೊನೇ ಸುತ್ತು, ಮುಂದೆ ದಪ್ಪಕ್ಕ." ಹೇಳುತ್ತಲೇ ಗಾಳಿಯಲ್ಲಿ ತನ್ನ ಸಹಿ ಹಾಕಿ ಎಡ ಮೂಲೆ ಯಾವ ಕಡೆ ಎಂದು ಖಾತ್ರಿ ಮಾಡಿಕೊಂಡಳು.

ಸೀಟಿ ಕೂಗಿತು. ಛತ್ರಿಗಳು ಬಿಚ್ಚಿಕೊಂಡವು. ನಾನು ಕೆಂಪು ಛತ್ರಿಯಡಿ ತ್ರಿಕೋನದ ನಡುವೆ ನಿಂತಿದ್ದೆ. ಸಾಹೇಬರು ನನ್ನನ್ನು ನೋಡಿದರು, ಮೂಲೆಯಲ್ಲಿದ್ದ ಚಿಕ್ಕಮ್ಮನನ್ನು ನೋಡಿದರು, ಸೀಟಿಯನ್ನು ಬಾಯಿಂದ ತೆಗೆದರು. ಆದರೆ ತಾರಸಿಯ ಮೇಲೆ ಯಜಮಾನಿ ಆಗಲೇ ಕೂತಿದ್ದರು, ಮ್ಯಾನೇಜರ ಮೈಕು ಗುಡುಗುತ್ತಿತ್ತು. ಊದದೆ ಬೇರೆ ದಾರಿಯಿರಲಿಲ್ಲ, ಊದಿದರು.

ತ್ರಿಕೋನ ಕರಗಿತು. ನನ್ನ ಸುತ್ತ ಕಪ್ಪು ಛತ್ರಿಗಳು ಹರಿದಾಡಿದವು. ಚಿಕ್ಕಮ್ಮ ಒಂದು ಹೆಜ್ಜೆಯೂ ತಪ್ಪದೆ ಬಂದು ಕೊನೆಯ ಸುತ್ತಿನಲ್ಲಿ ತನ್ನ ಜಾಗ ಹಿಡಿದಳು. ಹೂವು ಅರಳಿತು. ನಾನು ಉಸಿರು ಬಿಟ್ಟೆ. ಇನ್ನು ಎಲ್ಲ ಸುತ್ತುಗಳೂ ಬಲಕ್ಕೆ ತಿರುಗಿ ನಡೆಯಬೇಕು. ಸೀಟಿ ಕೂಗಿತು. ಒಳಗಿನ ಸುತ್ತುಗಳೆಲ್ಲ ಬಲಕ್ಕೆ ತಿರುಗಿದವು. ಕೊನೆಯ ಸುತ್ತಿನಲ್ಲಿ ಚಿಕ್ಕಮ್ಮ ಘನಗಂಭೀರವಾಗಿ ಎಡಕ್ಕೆ ತಿರುಗಿ, ದಾಪುಗಾಲು ಹಾಕಿ, ಎದುರಿಗೆ ಬಂದವಳ ಛತ್ರಿಗೆ ಛತ್ರಿ ಗುದ್ದಿದಳು.

"ಏನೇ, ನೀನ್ಯಾಕೆ ಈ ಕಡೆ?" ಎಂಬ ದಬಾವಣೆ ಅಂಗಳಕ್ಕೆಲ್ಲ ಕೇಳಿಸಿತು. ಎಷ್ಟು ಖಚಿತವಾದ ದನಿಯೆಂದರೆ ಆಕೆ ತಾನೇ ತಪ್ಪಿದೆನೆಂದು ಹೆದರಿ ಸರ್ರನೆ ತಿರುಗಿಬಿಟ್ಟಳು. ಅವಳನ್ನು ನೋಡಿ ಅವಳ ಮುಂದಿನವಳು, ಅವಳನ್ನು ನೋಡಿ ಮತ್ತೊಬ್ಬಳು. ದಪ್ಪಕ್ಕ ಮಾತ್ರ ಸ್ವಲ್ಪ ಹಟ ಮಾಡಿದಳು. ಎದುರಿನಿಂದ ಸುತ್ತು ಬಂದವರು ತಳ್ಳಿದಾಗ ಅವಳೂ ತಿರುಗಿದಳು. ಮೂವತ್ತು ಜನರ ಕೊನೆಯ ಸುತ್ತು ಇಡಿಯಾಗಿ ಎಡಕ್ಕೆ, ಒಳಗಿನ ಸುತ್ತುಗಳು ಬಲಕ್ಕೆ! ತಾರಸಿಯ ಮೇಲೆ ಯಜಮಾನಿ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಒಳಗೊಂದು ಚಕ್ರ ಹೊರಗೊಂದು ಚಕ್ರ ತಿರುಗಿದಂತೆ ಕಂಡಿತಂತೆ. ಮ್ಯಾನೇಜರು ಮೈಕಿನಲ್ಲಿ "ಇದು ನಮ್ಮ ವಿಶೇಷ ಯೋಜನೆ" ಎಂದದ್ದು ನನಗೂ ಕೇಳಿಸಿತು. ಸಾಹೇಬರು ಅದನ್ನು ಅಲ್ಲಗಳೆಯಲು ಇಂದಿನವರೆಗೂ ಪುರುಸೊತ್ತು ಮಾಡಿಕೊಂಡಿಲ್ಲ.

ನನಗೆ ಆ ಚಕ್ರಗಳೊಂದೂ ಕಾಣಲಿಲ್ಲ. ನಟ್ಟನಡುವೆ ನಿಂತವರಿಗೆ ಕಾಣುವುದು ಹಾದುಹೋಗುವ ಛತ್ರಿಯಂಚು, ಬೂಟು, ನಗುವ ಅರ್ಧರ್ಧ ಮುಖಗಳು. ಎಲ್ಲರೂ ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ಕಿಸಿಕಿಸಿ ನಗುತ್ತಿದ್ದರು. ನನಗೆ ಯಾರೂ ಏನೂ ಹೇಳಲಿಲ್ಲ. ಕಾಲು ಜೋಮು ಹಿಡಿದಿತ್ತು. ಒಂದು ಹೆಜ್ಜೆ ಎತ್ತಿಡೋಣವೆಂದರೆ ಇಡೀ ಲೆಕ್ಕ ಕೆಡುತ್ತಿತ್ತು.

ಅಷ್ಟರಲ್ಲಿ ಚಿಕ್ಕಮ್ಮ ನನ್ನ ಎದುರಿಗೆ ಬಂದಳು. ಬೆವರಿಳಿಯುತ್ತಿತ್ತು, ಕೂದಲು ಕೆದರಿತ್ತು, ಛತ್ರಿಯ ಒಂದು ಕಡ್ಡಿ ಮುರಿದು ಜೋತಿತ್ತು. ಅಷ್ಟು ಸಂತೋಷವಾಗಿದ್ದ ಅವಳ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಡುವೆ ಹೆಂಗಿದೆಯೇ?" ಎಂದು ನಾಲ್ಕು ಸುತ್ತುಗಳ ಆಚೆಯಿಂದ ಕೂಗಿದಳು.

"ಬೇಜಾರು, ಚಿಕ್ಕಮ್ಮಾ!" ಎಂದು ಕೂಗಿದೆ.

"ಮತ್ತೆ!" ಎಂದವಳೇ ನಗುತ್ತಾ ಮುಂದಕ್ಕೆ ನಡೆದಳು.